ವೈರಾಣುಜ್ವರಗಳೂ ನೇತ್ರದ ಸೂಕ್ಷ್ಮರಕ್ತನಾಳಗಳೂ: ಕನ್ನಡ ವೈದ್ಯಬರಹದ ಒಂದು ವಿಮರ್ಶೆ

೧. ಪೀಠಿಕೆ

ಕೃಷ್ಣರಾಜನಗರಕ್ಕೆ ಸೇರಿದ ಎಡತೊರೆಯಲ್ಲಿ ಕಾವೇರಿಯ ದಡದ ಮೇಲೆ ಅರ್ಕೇಶ್ವರನ ದೇವಾಲಯವಿರುವುದು. ಅರ್ಕನೆಂದರೆ ಸೂರ್ಯನು, ಚಕ್ಷುರಿಂದ್ರಿಯಕ್ಕೆ ಸೂರ್ಯನೇ ಅಧಿದೇವತೆಯೆಂಬುದು ನಮ್ಮ ಶಾಸ್ತ್ರಗಳ ಮತ. ಆ ಊರಿನ ಪ್ರಾಂತದಲ್ಲಿ ಹುಟ್ಟಿ ಬೆಳೆದು, ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನು ಓದಿದ ನಾನು ವೈದ್ಯನಲ್ಲ. ವೈದ್ಯನಲ್ಲದವನು ನೇತ್ರರೋಗದ ವಿಷಯವಾಗಿ ಬರೆಯಹೊರಟುದು ಸಾಹಸವೆಂದು ವಿದ್ವಾಂಸರಿಗೆ ತೋರಬಹುದು. ಆದರೆ ಪ್ರಕೃತ ಲೇಖನದ ವಿಷಯವು ಚಿಕಿತ್ಸೆಯಲ್ಲ, ಶಬ್ದ. ರೋಗವನ್ನು ಕುರಿತು ಕನ್ನಡದಲ್ಲಿ ಬರೆಯುವವರು ಬಳಸುವ ಮಾತುಗಳು ಅರ್ಥವನ್ನು ಮುಟ್ಟಿಸುವುವೋ ಮುಚ್ಚುವುವೋ ಎಂಬುದಷ್ಟೇ ಇಲ್ಲಿ ವಿಚಾರ್ಯ.

ಈ ವಿಚಾರಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳಬೇಕು. ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ನನ್ನ ತಮ್ಮನ ಮಗನು ಡೆಂಗಿಜ್ವರದಿಂದ ಮಲಗಿದನು. ಜ್ವರವಿಳಿದ ಮೇಲೆ, ಏಳೆಂಟನೆಯ ದಿನ, ಬಲಗಣ್ಣಿನ ಮುಂದೆ ಒಂದು ಮಸಕು ನಿಂತಿತು. ಪತ್ರಿಕೆಯನ್ನು ಹಿಡಿದರೆ ಸಾಲಿನ ಅಂಚುಗಳು ಕಾಣುವುವು, ನಟ್ಟನಡುವಿನ ಅಕ್ಷರಗಳು ಕಾಣವು. ನೋವಿಲ್ಲ, ಕಣ್ಣು ಕೆಂಪಾಗಿಲ್ಲ. ಹತ್ತಿರದಲ್ಲಿ ಔಷಧ ಕೊಡುವವರೊಬ್ಬರು ‘ಜ್ವರದಿಂದ ಕಣ್ಣಿನ ನರ ಸತ್ತಿದೆ’ ಎಂದು ಹೇಳಿ ಶಕ್ತಿಯ ಔಷಧ ಕೊಟ್ಟು ಕಳುಹಿಸಿದರು. ಹುಡುಗನು ಆ ಮಾತನ್ನು ನಂಬಿ, ಕಟ್ಟಬೇಕಾಗಿದ್ದ ಪರೀಕ್ಷೆಯನ್ನು ಬಿಟ್ಟು ಮನೆಯಲ್ಲಿ ಕುಳಿತನು. ಮೂರು ವಾರಗಳಾದ ಮೇಲೆ ಮೈಸೂರಿನಲ್ಲಿ ನೇತ್ರವೈದ್ಯರು ನೋಡಿ, ನರವು ಸತ್ತಿಲ್ಲವೆಂದೂ, ಜ್ವರದ ದೆಸೆಯಿಂದ ಕಣ್ಣಿನ ಒಳಪದರದ ಅತಿ ಸಣ್ಣ ರಕ್ತನಾಳಗಳು ಸೋರಿ ಊತವುಂಟಾಗಿದ್ದಿತೆಂದೂ, ಅದು ಬಹುಮಟ್ಟಿಗೆ ಇಳಿದಿದೆಯೆಂದೂ ತಿಳಿಸಿದರು. ಹಿಂದಿರುಗಿ ಬಂದ ಹುಡುಗನು ನನ್ನನ್ನು ಕೇಳಿದ ಪ್ರಶ್ನೆಯಿದು: ‘ದೊಡ್ಡಪ್ಪ, ನರ ಸತ್ತಿದೆ ಎಂದಿದ್ದರಲ್ಲ, ಸತ್ತದ್ದು ಹೇಗೆ ಬದುಕಿತು?’

ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಕೆಲವು ವರ್ಷಗಳಿಂದೀಚೆಗೆ ಕನ್ನಡದಲ್ಲಿ ಬಂದಿರುವ ಆರೋಗ್ಯಲೇಖನಗಳನ್ನೂ ಕರಪತ್ರಗಳನ್ನೂ ಪಾಠಪುಸ್ತಕಗಳನ್ನೂ ಓದಿದೆನು. ಓದಿ ತಿಳಿದುದನ್ನು ಸಾಹಿತ್ಯದ ಅಧ್ಯಾಪಕರ ಮುಂದಿಡುವುದು ಉಚಿತವೆಂದು ತೋರಿತು. ಏಕೆಂದರೆ ಈ ದೋಷಗಳು ವೈದ್ಯರವು ಮಾತ್ರವಲ್ಲ. ಭಾಷೆಯನ್ನು ಕಾಯಬೇಕಾದ ನಮ್ಮವೂ ಅಹುದು.

೨. ವಸ್ತುಸ್ಥಿತಿ

ಶಬ್ದವಿಚಾರಕ್ಕೆ ಮೊದಲು ಅರ್ಥವು ಸ್ಪಷ್ಟವಾಗಬೇಕು. ಕಣ್ಣಿನ ಗೋಳದ ಒಳಬದಿಯಲ್ಲಿ, ಹಿಂಭಾಗದಲ್ಲಿ, ಬೆಳಕನ್ನು ಗ್ರಹಿಸುವ ತೆಳುವಾದ ಪದರವೊಂದಿರುವುದು. ಇದನ್ನೇ ಅಕ್ಷಿಪಟವೆಂದೂ ರೆಟಿನವೆಂದೂ ಕರೆಯುವರು. ಅದರ ಮೇಲೆ ರಕ್ತನಾಳಗಳು ಮರದ ಕೊಂಬೆಗಳಂತೆ ಕವಲೊಡೆದು, ಕೊನೆಗೆ ತಲೆಗೂದಲಿಗಿಂತಲೂ ಎಷ್ಟೋ ಪಾಲು ಸಣ್ಣದಾದ ನಾಳಗಳ ಜಾಲವಾಗುವುವು. ದೃಷ್ಟಿಯು ಅತ್ಯಂತ ತೀಕ್ಷ್ಣವಾದ ನಟ್ಟನಡುವಿನ ಬಿಂದುವಿನಲ್ಲಿ ಮಾತ್ರ ನಾಳಗಳಿಲ್ಲ. ಸುತ್ತಲಿನ ಜಾಲವು ಕೆಟ್ಟರೆ ಆ ಬಿಂದುವೂ ಸೊರಗುವುದು. ನಾಳಗಳ ಒಳಮೈಯನ್ನು ಹೊದೆದಿರುವ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡು, ರಕ್ತದಲ್ಲಿರುವುದು ಹೊರಗೆ ಸೋರದಂತೆ ತಡೆಯುತ್ತಿರುವುವು.

ವೈರಾಣುಜ್ವರಗಳಲ್ಲಿ ಈ ತಡೆಯು ಸಡಿಲವಾಗಬಹುದು. ಆಗ ನಾಲ್ಕು ಬಗೆಯ ವಿಕಾರಗಳು ಕಾಣಬರುವುವು. ನಾಳದಿಂದ ದ್ರವವು ಸೋರಿ ಊತವಾಗುವುದು ಒಂದು. ರಕ್ತವೇ ಚುಕ್ಕೆಚುಕ್ಕೆಯಾಗಿ ಹೊರಬರುವುದು ಎರಡು. ನಾಳವು ಮುಚ್ಚಿಹೋಗಿ, ಅದರ ಆಶ್ರಯದಲ್ಲಿದ್ದ ನರತಂತುಗಳು ಊದಿಕೊಂಡು ಹಿಂಜಿದ ಹತ್ತಿಯಂತೆ ಬಿಳಿಯ ಮಚ್ಚೆಗಳಾಗುವುದು ಮೂರು. ನಾಳದ ಗೋಡೆಯೇ ಉರಿಯೂತಕ್ಕೆ ಒಳಗಾಗುವುದು ನಾಲ್ಕು. ಡೆಂಗಿಯಲ್ಲಿ ಇವು ಸಾಮಾನ್ಯವಾಗಿ ಜ್ವರ ಹಿಡಿದ ಒಂದು ವಾರದ ಸುಮಾರಿಗೆ, ರಕ್ತದ ಕಿರುಬಿಲ್ಲೆಗಳು ಅತಿ ಕಡಮೆಯಾಗುವ ಕಾಲದಲ್ಲಿಯೇ ತೋರುವುವು. ಅನೇಕರಿಗೆ ಕೆಲವು ವಾರ ತಿಂಗಳುಗಳಲ್ಲಿ ದೃಷ್ಟಿಯು ಹಿಂದಿರುಗುವುದು, ಕೆಲವರಿಗೆ ಮಸಕು ಉಳಿಯುವುದು. ಅಕ್ಷಿಪಟಕ್ಕೆ ನೋವಿನ ಅರಿವಿಲ್ಲವಾದಕಾರಣ ರೋಗಿಗೆ ನೋವು ಎಚ್ಚರಿಕೆ ಕೊಡದು. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ಮರೆಸುವುದರಿಂದ ಎಷ್ಟೋ ಜನರಿಗೆ ಅದು ಗೊತ್ತೇ ಆಗುವುದಿಲ್ಲ.

ಈ ವಿಷಯ ನಮ್ಮ ನಾಲ್ಕು ತಾಲ್ಲೂಕುಗಳಿಗೆ ದೂರದ್ದಲ್ಲ. ಡೆಂಗಿಯನ್ನು ಕರ್ನಾಟಕ ಸರ್ಕಾರವು ೨೦೨೪ನೆಯ ಸೆಪ್ಟೆಂಬರಿನಲ್ಲಿ ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ೨೦೦೫-೦೬ರಲ್ಲಿ ಚಿಕುನ್‌ಗುನ್ಯ ನಾಡಿನಲ್ಲೆಲ್ಲ ಹರಡಿತು. ಅದರ ನೇತ್ರವಿಕಾರಗಳನ್ನು ಕುರಿತು ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ೨೦೦೮ರಲ್ಲಿ ಬರೆದ ವರದಿಯು ಅನ್ಯದೇಶಗಳಲ್ಲಿಯೂ ಓದಲ್ಪಟ್ಟಿತು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯಲ್ಲಿ ಕಣ್ಣಿನ ಬಿಳುಪಿನ ನಾಳಗಳು ಕೆಂಪೇರುವುದೂ, ಕೆಲವರಿಗೆ ಅಕ್ಷಿಪಟದಲ್ಲಿ ರಕ್ತ ಸೋರುವುದೂ ಉಂಟು. ಆ ರೋಗವು ೨೦೧೨ರಲ್ಲಿ ಬಂಡೀಪುರದ ಕಾಡಿನಲ್ಲಿಯೂ ಅನಂತರ ವಯನಾಡಿನಲ್ಲಿಯೂ ಕಾಣಿಸಿಕೊಂಡಿತು. ಈ ಎರಡಕ್ಕೂ ಹೆಗ್ಗಡದೇವನಕೋಟೆಯು ನೆರೆ.

೩. ಪ್ರಾಚೀನರು ಹೇಳಿದುದೂ ಹೇಳದುದೂ

ಇಂತಹ ವಿಷಯ ಬಂದೊಡನೆ ‘ಇದೆಲ್ಲವೂ ನಮ್ಮ ಸಂಹಿತೆಗಳಲ್ಲಿದೆ’ ಎಂದು ಬರೆಯುವುದು ನಮ್ಮ ಪಂಡಿತವರ್ಗದಲ್ಲಿ ರೂಢವಾಗಿದೆ. ಈ ವಾದವನ್ನು ಪರೀಕ್ಷಿಸದೆ ಮುಂದೆ ಹೋಗಲಾಗದು.

ಸುಶ್ರುತಸಂಹಿತೆಯ ಉತ್ತರತಂತ್ರವು ೭೬ ನೇತ್ರರೋಗಗಳನ್ನು ಎಣಿಸುವುದು. ಅವುಗಳಲ್ಲಿ ಸಿರೋತ್ಪಾತ, ಸಿರಾಹರ್ಷಗಳೆಂಬ ಎರಡು ರೋಗಗಳು ಹೆಸರಿನಿಂದಲೇ ರಕ್ತನಾಳಗಳಿಗೆ ಸಂಬಂಧಿಸಿದವು. ಕಣ್ಣಿನಲ್ಲಿ ತಾಮ್ರವರ್ಣದ ಗೆರೆಗಳು ಮತ್ತೆ ಮತ್ತೆ ಏಳುವುದು ಮೊದಲನೆಯದು. ಅದನ್ನು ಉಪೇಕ್ಷಿಸಿದರೆ ನೀರು ಸುರಿದು ನೋಡಲಾರದ ಸ್ಥಿತಿಯಾಗುವುದು ಎರಡನೆಯದು. ನಿದಾನಸ್ಥಾನದಲ್ಲಿ ಒಬ್ಬರಿಂದೊಬ್ಬರಿಗೆ ದಾಟುವ ರೋಗಗಳನ್ನು ಹೇಳುವಾಗ ಜ್ವರವನ್ನೂ ನೇತ್ರಾಭಿಷ್ಯಂದವನ್ನೂ ಒಂದೇ ಸಾಲಿನಲ್ಲಿ ಸೇರಿಸಿರುವುದು ನಿಜಕ್ಕೂ ಆಶ್ಚರ್ಯಕರವಾದ ಅವಲೋಕನ. ಇಷ್ಟನ್ನು ಹೆಮ್ಮೆಯಿಂದ ಹೇಳಬಹುದು.

ಆದರೆ ಇದಕ್ಕಿಂತ ಹೆಚ್ಚಿಗೆ ಹೇಳಲಾಗದು. ಸಿರೋತ್ಪಾತದ ಗೆರೆಗಳು ಹೊರಗಣ ಬಿಳುಪಿನ ಮೇಲೆ ಬರಿಗಣ್ಣಿಗೆ ಕಾಣುವಂಥವು. ಅಕ್ಷಿಪಟದ ನಾಳಗಳೋ ಕಣ್ಣಿನ ಒಳಗಿರುವುವು. ಜೀವಂತ ಮನುಷ್ಯನ ಕಣ್ಣಿನೊಳಗೆ ಬೆಳಕು ಬಿಟ್ಟು ಅವನ್ನು ಚೆನ್ನಾಗಿ ನೋಡಲು ಸಾಧ್ಯವಾದುದು ೧೮೫೧ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿದ್ವಾಂಸನು ನೇತ್ರದರ್ಶಕವೆಂಬ ಉಪಕರಣವನ್ನು ಪ್ರಕಟಪಡಿಸಿದ ಮೇಲೆ. ಪ್ರತ್ಯಕ್ಷಕ್ಕೆ ಸಾಧನವೇ ಇಲ್ಲದಿದ್ದ ವಸ್ತುವನ್ನು ಪ್ರಾಚೀನರು ಕಂಡಿದ್ದರೆಂದು ಸಾಧಿಸಹೊರಡುವುದು ಅವರಿಗೆ ಗೌರವವಲ್ಲ. ಕಂಡುದನ್ನು ಕಂಡಂತೆ ಬರೆದ ಅವರ ಪ್ರಾಮಾಣ್ಯಕ್ಕೆ ಕಲಂಕ. ತಿಮಿರವೆಂದು ಸಂಹಿತೆಗಳು ಹೇಳುವುದು ದೃಷ್ಟಿಯು ಮಂಕಾಗುವ ಲಕ್ಷಣವನ್ನು. ಆ ಲಕ್ಷಣದೊಳಗೆ ಇಂದಿನವರು ಬೇರೆ ಬೇರೆಯೆಂದು ಗುರುತಿಸುವ ಹಲವು ರೋಗಗಳು ಅಡಗಿರಬಹುದು. ಹಾಗೆಂದು ತಿಮಿರಕ್ಕೂ ಡೆಂಗಿಯ ನೇತ್ರವಿಕಾರಕ್ಕೂ ಸಮೀಕರಣವನ್ನು ಬರೆದರೆ ಅದು ಅತಿವ್ಯಾಪ್ತಿದೋಷ.

ಕನ್ನಡದ ವೈದ್ಯಗ್ರಂಥಪರಂಪರೆಯಿಂದ ನಾವು ಕಲಿಯಬೇಕಾದುದು ಬೇರೆ. ಜಗದ್ದಳ ಸೋಮನಾಥನು ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಮಂಗರಾಜನು ಖಗೇಂದ್ರಮಣಿದರ್ಪಣದಲ್ಲಿ ವಿಷವೈದ್ಯವನ್ನು ಕನ್ನಡಿಸಿದನು. ಕೀರ್ತಿವರ್ಮನು ಗೋವೈದ್ಯವನ್ನು ಬರೆದನು. ವೈದ್ಯವು ಸಂಸ್ಕೃತದಲ್ಲಿದ್ದರೆ ಸಾಲದು, ಹಟ್ಟಿಯವನಿಗೂ ತಿಳಿಯಬೇಕೆಂಬ ಬುದ್ಧಿ ಅವರಿಗಿದ್ದಿತು. ಆ ಬುದ್ಧಿಯು ಇಂದಿನ ಬರಹಗಳಲ್ಲಿ ಎಷ್ಟುಮಟ್ಟಿಗೆ ಉಳಿದಿದೆಯೆಂಬುದೇ ಮುಂದಿನ ಪ್ರಶ್ನೆ.

೪. ನಾಲ್ಕು ಶಬ್ದಗಳ ವಿಚಾರ

ಮೊದಲನೆಯದು ‘ವೈರಾಣು’. ಲ್ಯಾಟಿನ್ ಭಾಷೆಯ ವೈರಸ್ ಶಬ್ದಕ್ಕೆ ವಿಷವೆಂದು ಅರ್ಥ. ಅದು ನಮ್ಮ ವಿಷಶಬ್ದಕ್ಕೆ ಜ್ಞಾತಿಯೆಂದು ಭಾಷಾಶಾಸ್ತ್ರಜ್ಞರು ಒಪ್ಪಿರುವರು. ಹಿಂದಿಯವರು ವಿಷಾಣುವೆಂದು ಮಾಡಿಕೊಂಡರು. ಕನ್ನಡದಲ್ಲಿ ನಿಂತುದು ವೈರಾಣು. ವೈರ, ಅಣು ಎಂಬೆರಡು ಸೇರಿ ಸವರ್ಣದೀರ್ಘವಾಗಿರುವುದರಿಂದ ವ್ಯಾಕರಣದಲ್ಲಿ ದೋಷವಿಲ್ಲ. ಧ್ವನಿಸಾಮ್ಯದಿಂದ ಹುಟ್ಟಿದುದಾದ್ದರಿಂದ ವ್ಯುತ್ಪತ್ತಿಯಲ್ಲಿ ಮಾತ್ರ ಸತ್ಯವಿಲ್ಲ. ಹಿಂದೆ ನಾನು ವಿಷಾಣುವಿನ ಪಕ್ಷಪಾತಿಯಾಗಿದ್ದೆನು. ಈಗ ಆ ಪಕ್ಷವನ್ನು ಬಿಟ್ಟಿರುವೆನು. ನಮ್ಮ ಹಳ್ಳಿಗಳಲ್ಲಿ ವಿಷವೆಂದರೆ ಹಾವಿನ ವಿಷ, ಇಲ್ಲವೆ ಕುಡಿಯುವ ವಿಷ. ಜ್ವರಕ್ಕೆ ವಿಷಾಣು ಕಾರಣವೆಂದು ಓದಿದವನು ವಿಷವಿಳಿಸುವವನನ್ನು ಹುಡುಕಿಕೊಂಡು ಹೋದರೆ ತಪ್ಪು ಶಬ್ದದ್ದೇ ಹೊರತು ಅವನದಲ್ಲ. ರೂಢಿಯು ಯೋಗಾರ್ಥಕ್ಕಿಂತ ಬಲವಾದುದೆಂಬ ಶಾಸ್ತ್ರದ ನ್ಯಾಯವನ್ನು ಇಲ್ಲಿ ನಾವೇ ಪಾಲಿಸಬೇಕು. ಇನ್ನೊಂದು ಮಾತು: ವೈರಾಣುವೆಂಬ ವಸ್ತುವು ಮೊದಲು ಪತ್ತೆಯಾದುದು ಹೊಗೆಸೊಪ್ಪಿನ ಎಲೆಯಲ್ಲಿ. ೧೮೯೨ರಲ್ಲಿ ರಷ್ಯದ ಇವಾನೋವ್ಸ್ಕಿಯೂ ೧೮೯೮ರಲ್ಲಿ ಹಾಲೆಂಡಿನ ಬೈಯೆರಿಂಕನೂ ಎಲೆಯು ಮಚ್ಚೆಮಚ್ಚೆಯಾಗುವ ರೋಗವನ್ನು ಪರೀಕ್ಷಿಸುತ್ತ ಅದರ ಇರವನ್ನು ಕಂಡರು. ಹುಣಸೂರು ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬೆಳೆಗಾರನಿಗೆ ಆ ಮಚ್ಚೆಯು ಕಣ್ಣಿಗೆ ಪರಿಚಿತ. ಅಲ್ಲಿಂದ ಆರಂಭಿಸಿ ವೈರಾಣುವನ್ನು ವಿವರಿಸಿದ ಲೇಖನವೊಂದನ್ನೂ ನಾನು ಓದಲಿಲ್ಲ.

ಎರಡನೆಯದು ‘ಲೋಮನಾಳ’. ಲ್ಯಾಟಿನ್ನಿನಲ್ಲಿ ಕೂದಲನ್ನು ಹೇಳುವ ಶಬ್ದದಿಂದ ಬಂದ ಹೆಸರಿಗೆ ಇದು ಸರಿಯಾದ ಅನುವಾದವೇ. ಆದರೆ ‘ಲೋಮ’ವು ಮೈಗೂದಲೆಂದು ಅರಿತ ವಿದ್ಯಾರ್ಥಿಯು ಕೂದಲಿನ ಬುಡದಲ್ಲಿರುವ ನಾಳವೆಂದು ಅರ್ಥಮಾಡಿದರೆ ಅಧ್ಯಾಪಕರು ಗದರಿಸುವಂತಿಲ್ಲ, ಸಮಾಸವು ಆ ವಿಗ್ರಹಕ್ಕೂ ಎಡೆಗೊಡುವುದು. ಪಾಠಪುಸ್ತಕದಲ್ಲಿ ಲೋಮನಾಳವೇ ಇರಲಿ. ಜನರಿಗಾಗಿ ಬರೆಯುವಾಗ ‘ಕೂದಲೆಳೆಗಿಂತ ಸಣ್ಣ ರಕ್ತನಾಳ’ ಎಂದು ಬಿಡಿಸಿ ಹೇಳುವುದು ಲೇಸು.

ಮೂರನೆಯದು ‘ಅಕ್ಷಿಪಟ’. ದೃಷ್ಟಿಪಟಲವೆಂದು ಕೆಲವರು ಬರೆಯುವರು. ಪಟಲಶಬ್ದಕ್ಕೆ ಸುಶ್ರುತನಲ್ಲಿ ಬೇರೊಂದು ಪಾರಿಭಾಷಿಕಾರ್ಥವಿದೆ. ಅಲ್ಲದೆ ಜನರು ಪಟಲವನ್ನು ಪೊರೆಯೆಂದೇ ತಿಳಿಯುವರು. ಪೊರೆಯೆಂದರೆ ಶಸ್ತ್ರಕ್ರಿಯೆಯಿಂದ ತೆಗೆಯಿಸಬೇಕಾದುದು. ‘ದೃಷ್ಟಿಪಟಲಕ್ಕೆ ಹಾನಿ’ ಎಂಬ ಮಾತನ್ನು ‘ಪೊರೆ ಬಂದಿದೆ’ ಎಂದು ಗ್ರಹಿಸಿ, ಬೇಸಗೆಯ ಉಚಿತ ಶಿಬಿರ ಬರಲೆಂದು ಕಾಯುತ್ತ ಕುಳಿತವರನ್ನು ನಾನು ಕಂಡಿರುವೆನು. ಆದಕಾರಣ ಅಕ್ಷಿಪಟವೇ ಗ್ರಾಹ್ಯ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು, ‘ನರ’. ತಮಿಳಿನ ನರಂಬು ಇದರ ಸೋದರಶಬ್ದ. ದ್ರಾವಿಡಭಾಷೆಗಳಲ್ಲಿ ಇದು ಮೊದಲಿನಿಂದಲೂ ಸ್ನಾಯುರಜ್ಜು, ರಕ್ತನಾಳ, ಸಂವೇದನೆಯ ತಂತು ಮೂರನ್ನೂ ಹೇಳುತ್ತ ಬಂದಿದೆ. ಕೈಯಲ್ಲಿ ಉಬ್ಬಿ ಕಾಣುವುದೂ ನರ, ಸೂಜಿ ಚುಚ್ಚುವುದೂ ನರಕ್ಕೆ, ಎಲೆಯ ಬೆನ್ನಿನ ಗೆರೆಯೂ ನರ. ಶಾಸ್ತ್ರೀಯ ಬರಹವು ಮಾತ್ರ ನರವನ್ನು ಸಂವೇದನೆಯ ತಂತುವಿಗೆ ನಿಯಮಿಸಿಕೊಂಡಿತು. ನಿಯಮಿಸಿದ ಸಂಗತಿ ಹಳ್ಳಿಗೆ ತಲುಪಲಿಲ್ಲ. ಹೀಗಾಗಿ ‘ಕಣ್ಣಿನ ನರಕ್ಕೆ ತೊಂದರೆ’ ಎಂಬ ಒಂದೇ ವಾಕ್ಯವು ವೈದ್ಯನ ಬಾಯಲ್ಲಿ ಒಂದರ್ಥವನ್ನೂ ರೋಗಿಯ ಕಿವಿಯಲ್ಲಿ ಇನ್ನೊಂದರ್ಥವನ್ನೂ ಕೊಡುವುದು. ಅಲಂಕಾರಶಾಸ್ತ್ರದಲ್ಲಿ ಶ್ಲೇಷವು ಗುಣ. ವೈದ್ಯದಲ್ಲಿ ಅದೇ ದೋಷ. ದೃಷ್ಟಿನರವು ಒಣಗಿದರೆ ಮರಳಿ ಚಿಗುರದು. ರಕ್ತನಾಳವು ಸೋರಿದರೆ ಆ ಸೋರಿಕೆ ನಿಂತು ಊತವಿಳಿಯಬಹುದು. ಮೊದಲನೆಯದೆಂದು ತಿಳಿದವನು ನಿರಾಶನಾಗಿ ಮನೆಯಲ್ಲಿ ಕೂರುವನು. ಎರಡನೆಯದೆಂದು ತಿಳಿದವನು ಆ ದಿನವೇ ವೈದ್ಯನ ಬಳಿಗೆ ಹೋಗುವನು. ನನ್ನ ತಮ್ಮನ ಮಗನ ಪ್ರಶ್ನೆಗೆ ಇದೇ ಉತ್ತರ. ಸತ್ತದ್ದು ಬದುಕಲಿಲ್ಲ, ಸಾಯದೆ ಇದ್ದುದನ್ನು ಒಂದು ಶಬ್ದವು ಸತ್ತಿತೆಂದು ಹೇಳಿತು.

ಇಲ್ಲಿಯೇ ‘ಮಂಗನ ಕಾಯಿಲೆ’ಯ ಹೆಸರನ್ನೂ ಎಣಿಸಬಹುದು. ಜನರೇ ಇಟ್ಟ ಹೆಸರಾದಕಾರಣ ನೆನಪಿನಲ್ಲಿ ನಿಲ್ಲುವುದು. ಕಾಡಿನಲ್ಲಿ ಮಂಗ ಸತ್ತರೆ ಎಚ್ಚರಗೊಳ್ಳಬೇಕೆಂಬ ಸೂಚನೆಯೂ ಅದರಲ್ಲಿದೆ. ಆದರೆ ರೋಗವನ್ನು ಮನುಷ್ಯನಿಗೆ ಅಂಟಿಸುವುದು ಉಣ್ಣೆ. ಮಂಗವು ಮನುಷ್ಯನಂತೆಯೇ ಅದಕ್ಕೆ ಬಲಿ. ಹೆಸರನ್ನು ಉಳಿಸಿಕೊಂಡು, ಹೆಸರು ಹೇಳದುದನ್ನು ಪಕ್ಕದಲ್ಲಿಯೇ ಹೇಳುವುದು ಲೇಖಕನ ಧರ್ಮ.

೫. ‘ಬಹುದು’ ಎಂಬ ಪ್ರತ್ಯಯದ ಲೋಪ

ಶಬ್ದದೋಷಕ್ಕಿಂತ ಸೂಕ್ಷ್ಮವಾದುದು ವಾಕ್ಯದೋಷ. ಇದಕ್ಕೆ ಕೋವಿಡ್ ಕಾಲದ ಒಂದು ಉದಾಹರಣೆಯನ್ನು ಕೊಡುವೆನು.

೨೦೨೦ನೆಯ ಮೇ ತಿಂಗಳಿನಲ್ಲಿ ಬ್ರೆಜಿಲಿನ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಕೋವಿಡ್ ಬಂದಿದ್ದ ೧೨ ಮಂದಿಯ ಅಕ್ಷಿಪಟವನ್ನು ಪರೀಕ್ಷಿಸಿದ ವಿವರವನ್ನು ಪ್ರಕಟಿಸಿದರು. ಎಲ್ಲರಲ್ಲಿಯೂ ಒಳಪದರಗಳಲ್ಲಿ ಹೆಚ್ಚು ಹೊಳೆಯುವ ಗುರುತುಗಳು ಕಂಡುವೆಂದೂ, ನಾಲ್ವರಲ್ಲಿ ಹತ್ತಿಯಂತಹ ಮಚ್ಚೆಗಳೂ ಸಣ್ಣ ರಕ್ತಚುಕ್ಕೆಗಳೂ ಕಂಡುವೆಂದೂ ಬರೆದರು. ಅದೇ ವರ್ಷ ಬೇರೆ ನೇತ್ರತಜ್ಞರು ಆಕ್ಷೇಪವೆತ್ತಿ, ಆ ಹೊಳೆಯುವ ಗುರುತುಗಳು ರೋಗದ ಗಾಯಗಳಲ್ಲ, ಆರೋಗ್ಯವಂತರಲ್ಲಿಯೂ ಕಾಣುವ ಸಹಜ ರಕ್ತನಾಳಗಳ ಅಡ್ಡಛೇದವಾಗಿ ತೋರುತ್ತವೆ ಎಂದರು. ನಮ್ಮ ತರ್ಕದ ಪರಿಭಾಷೆಯಲ್ಲಿ ಹೇಳುವುದಾದರೆ ಹೇತುವು ಅಸಿದ್ಧವೆಂದು ತೋರಿಸಿದರು. ಆಮೇಲೆ ಇಟಲಿಯ ಮಿಲಾನಿನಲ್ಲಿ ೫೪ ಮಂದಿ ರೋಗಿಗಳನ್ನು ರೋಗವಿಲ್ಲದವರೊಡನೆ ಹೋಲಿಸಿ ನೋಡಿದರು. ರೋಗಿಗಳಲ್ಲಿ ಅಕ್ಷಿಪಟದ ಅಭಿಧಮನಿಗಳು ಹಿಗ್ಗಿದ್ದುವೆಂದೂ, ರೋಗಾರಂಭದಿಂದ ದಿನಗಳು ಕಳೆದಷ್ಟೂ ಆ ಹಿಗ್ಗು ಕಡಮೆಯಿದ್ದಿತೆಂದೂ ತಿಳಿದುಬಂದಿತು. ಒಟ್ಟಿನಲ್ಲಿ ಕೋವಿಡ್ ಕಣ್ಣಿನ ಸಣ್ಣ ನಾಳಗಳನ್ನು ಮುಟ್ಟಬಲ್ಲುದು. ಮುಟ್ಟಿದುದೆಲ್ಲ ದೃಷ್ಟಿಯನ್ನು ಕೆಡಿಸಲಿಲ್ಲ.

ನಾನು ಓದಿದ ಕನ್ನಡ ಬರಹಗಳಲ್ಲಿ ಮೊದಲ ವರದಿಯು ಬಂದಿತು, ಆಕ್ಷೇಪವು ಬರಲಿಲ್ಲ. ಮೂಲದಲ್ಲಿ ‘ಇರಬಹುದು’ ಎಂದಿದ್ದುದು ಕನ್ನಡದಲ್ಲಿ ‘ಇರುತ್ತದೆ’ ಎಂದಾಯಿತು. ಸಂಭಾವನೆಯನ್ನು ಸೂಚಿಸಲು ‘ಬಹುದು’ ಎಂಬುದಕ್ಕಿಂತ ಸುಲಭವಾದ ರೂಪವು ಯಾವ ಭಾಷೆಯಲ್ಲಿದ್ದೀತು? ಅದನ್ನು ಬಿಟ್ಟರೆ ಉಳಿಯುವುದು ಮೂರಕ್ಷರವಷ್ಟೆ, ಆದರೆ ಓದುಗನಿಗೆ ಸೇರುವುದು ಒಂದು ಭಯ. ೨೦೨೧ರಲ್ಲಿ ಕೋವಿಡಿನ ಹಿಂದೆಯೇ ಬಂದ ಕಪ್ಪು ಶಿಲೀಂಧ್ರದ ರೋಗವು ಕೆಲವರ ಕಣ್ಣನ್ನೇ ಕಳೆದಾಗ, ಅದು ಶಿಲೀಂಧ್ರದ ಕೃತ್ಯ, ವೈರಾಣುವಿನದಲ್ಲ ಎಂಬ ಭೇದವನ್ನು ಕಾಣಿಸದೆ ಎರಡನ್ನೂ ಒಂದೇ ಶೀರ್ಷಿಕೆಯ ಕೆಳಗೆ ಬೆರೆಸಿ ಬರೆದುದೂ ಉಂಟು. ಪೂರ್ವಪಕ್ಷವನ್ನು ಹೇಳಿ ಸಿದ್ಧಾಂತವನ್ನು ಹೇಳದ ಗ್ರಂಥವನ್ನು ನಮ್ಮ ಪಾಠಶಾಲೆಗಳಲ್ಲಿ ಯಾರೂ ಓದಿಸರು. ವೈದ್ಯಲೇಖನಕ್ಕೆ ಆ ನಿಯಮವು ಬೇಡವೇ?

ಗುಣವನ್ನೂ ಹೇಳದಿದ್ದರೆ ವಿಮರ್ಶೆಯು ಅಪೂರ್ಣ. ಡಾ. ಡಿ. ಎಸ್. ಶಿವಪ್ಪನವರಂತಹ ವೈದ್ಯರು ಕನ್ನಡದ ವೈದ್ಯಪದಗಳಿಗಾಗಿ ಪಟ್ಟ ಶ್ರಮವು ದೊಡ್ಡದು. ಮೈಸೂರು ವಿಶ್ವವಿದ್ಯಾನಿಲಯವು ೧೯೪೬ರಲ್ಲಿ ಹೊರತಂದ ಇಂಗ್ಲಿಷ್-ಕನ್ನಡ ನಿಘಂಟಿನಿಂದ ಮೊದಲಾಗಿ ಇಂದಿನವರೆಗೆ ಪದಗಳಿಗೆ ಬಡತನವಿಲ್ಲ. ಇರುವ ಪದವನ್ನು ಯಾರಿಗೆ, ಯಾವಾಗ, ಎಷ್ಟು ಬಿಡಿಸಿ ಹೇಳಬೇಕೆಂಬ ವಿವೇಕವೇ ಬಡವಾಗಿರುವುದು.

೬. ಉಪಸಂಹಾರ

ಹೆಗ್ಗಡದೇವನಕೋಟೆಯಿಂದ ಮೈಸೂರು ಸುಮಾರು ೫೦ ಕಿಲೋಮೀಟರು. ಕಾಡಂಚಿನ ಜೇನುಕುರುಬರ ಹಾಡಿಗಳಿಂದ ಇನ್ನೂ ದೂರ. ಅಲ್ಲಿಂದ ಹೊರಟುಬರುವವನು ಒಂದು ದಿನದ ಕೂಲಿಯನ್ನು ಬಿಟ್ಟು ಬರಬೇಕು. ಹೊರಡಲೋ ಬೇಡವೋ ಎಂಬುದನ್ನು ಅವನು ನಿರ್ಧರಿಸುವುದು ತಾನು ಕೇಳಿದ ಒಂದೆರಡು ಮಾತುಗಳ ಮೇಲೆ. ‘ಜ್ವರದ ನಿತ್ರಾಣ, ಕಣ್ಣು ಮಂಜಾಗಿದೆ, ತಾನಾಗಿ ಸರಿಹೋಗುತ್ತದೆ’ ಎಂಬುದು ಅವನಿಗೆ ಗೊತ್ತಿರುವ ಮಾತು. ಅದರ ಎದುರಿಗೆ ನಾವು ಇಡುವ ಮಾತು ಅಷ್ಟೇ ಸರಳವಾಗಿಯೂ ಅದಕ್ಕಿಂತ ಸತ್ಯವಾಗಿಯೂ ಇರಬೇಕು. ಜ್ವರ ಬಿಟ್ಟ ಮೇಲೆ ಒಂದು ಕಣ್ಣನ್ನು ಮುಚ್ಚಿ ಇನ್ನೊಂದರಿಂದ, ಆಮೇಲೆ ಅದನ್ನು ಮುಚ್ಚಿ ಮೊದಲನೆಯದರಿಂದ, ಗೋಡೆಯ ಪಂಚಾಂಗವನ್ನೋ ಬಾಗಿಲ ಚೌಕಟ್ಟನ್ನೋ ನೋಡಬೇಕು; ನಡುವೆ ಮಸಕು ಕಂಡರೆ, ಗೆರೆ ಡೊಂಕಾಗಿ ತೋರಿದರೆ, ನೋವಿಲ್ಲವೆಂದು ಸುಮ್ಮನಿರದೆ ಆ ದಿನವೇ ನೇತ್ರವೈದ್ಯರಿಗೆ ತೋರಿಸಬೇಕು. ಇಷ್ಟನ್ನು ಹೇಳಲು ಲೋಮನಾಳವೂ ಬೇಡ, ತಿಮಿರವೂ ಬೇಡ.

ಅಧ್ಯಾಪಕಮಹಾಶಯರಲ್ಲಿ ನನ್ನ ಬಿನ್ನಹವಿಷ್ಟೆ. ಕಾವ್ಯದ ಪದ್ಯವೊಂದರಲ್ಲಿ ಪಾಠಾಂತರ ಬಂದರೆ ನಾವು ಓಲೆಗಳನ್ನು ತರಿಸಿ ತಿಂಗಳುಗಟ್ಟಲೆ ವಿಚಾರಮಾಡುವೆವು. ಅದು ಮಾಡಬೇಕಾದ ಕೆಲಸವೇ. ಆ ಶ್ರದ್ಧೆಯಲ್ಲಿ ಒಂದು ಪಾಲನ್ನು, ಆಸ್ಪತ್ರೆಯ ಗೋಡೆಗೆ ಅಂಟಿಸಿದ ಕನ್ನಡದ ನಾಲ್ಕು ಸಾಲುಗಳಿಗೂ ಸಲ್ಲಿಸೋಣ. ಕರಪತ್ರವನ್ನು ಬರೆಯುವ ವೈದ್ಯರು ಅಚ್ಚಿಗೆ ಕೊಡುವ ಮೊದಲು ಊರಿನ ಕನ್ನಡದ ಮೇಷ್ಟರಿಗೆ ತೋರಿಸುವಂತಾಗಲಿ. ಮೇಷ್ಟರು ಅದನ್ನು ಹೊಗೆಸೊಪ್ಪಿನ ಹೊಲದವನೊಬ್ಬನಿಗೆ ಓದಿ ಹೇಳಿ, ಅವನಿಗೆ ತಿಳಿದುದೇನೆಂದು ಕೇಳಿ, ಆಮೇಲೆ ತಿದ್ದುವಂತಾಗಲಿ. ನರವೆಂಬ ಒಂದು ಮಾತನ್ನು ಬಿಡಿಸಿ ಹೇಳದಿದ್ದುದರಿಂದ ಒಬ್ಬ ಹುಡುಗನ ಒಂದು ವರ್ಷದ ಓದು ಹೋಯಿತು. ಅವನ ಕಣ್ಣು ಉಳಿದುದು ದೈವಕೃಪೆ. ಎಲ್ಲರ ಕಣ್ಣನ್ನೂ ದೈವಕ್ಕೇ ಬಿಡುವುದು ಶಬ್ದವನ್ನು ಬಲ್ಲವರಿಗೆ ತಕ್ಕುದಲ್ಲ.